ಏಳನೆಯ ದಿನದ ಹಕ್ಕು

ಕೃಷ್ಣರಾಜನಗರ ತಾಲ್ಲೂಕಿನ ದೋರನಹಳ್ಳಿಯಲ್ಲಿ ಪ್ರತಿವರ್ಷ ಜೂನ್ 13ರಂದು ಜರುಗುವ ಸಂತ ಅಂತೋಣಿಯವರ ಹಬ್ಬಕ್ಕೆ ಮೈಸೂರು ನಗರದಿಂದ ಹೊರಡುವ ಜನಸ್ತೋಮದಲ್ಲಿ ಕ್ರೈಸ್ತರಷ್ಟೇ ಅಲ್ಲ, ಹರಕೆ ಹೊತ್ತ ಇತರ ಮತೀಯರೂ ದಂಡಿಯಾಗಿ ಇರುತ್ತಾರೆ. ಆ ಕ್ಷೇತ್ರದ ಐತಿಹ್ಯ ಹೀಗಿದೆ: ರೈತನೊಬ್ಬನು ತನ್ನ ಹೊಲವನ್ನು ಉಳುತ್ತಿದ್ದಾಗ ನೇಗಿಲಿಗೆ ಏನೋ ತಾಕಿತು, ಮಣ್ಣು ಸರಿಸಿ ನೋಡಿದರೆ ಮರದ ವಿಗ್ರಹ. ಅದನ್ನು ಬೊಂಬೆಯೆಂದು ಬಗೆದು ಅವನು ಮಕ್ಕಳ ಕೈಗೆ ಆಡಲು ಕೊಟ್ಟನು. ಬಳಿಕ ಮನೆಯಲ್ಲಿ ಕಷ್ಟಗಳು ತಲೆದೋರಿದುವು. ಸ್ವಪ್ನದಲ್ಲಿ ಸಂನ್ಯಾಸಿಯೊಬ್ಬನು ಕಾಣಿಸಿಕೊಂಡು ಗುಡಿಯೊಂದನ್ನು ಕಟ್ಟಿಸೆಂದು ಆಜ್ಞಾಪಿಸಿದನು. ಪೋರ್ಚುಗಲ್ಲಿನಲ್ಲಿ ಹುಟ್ಟಿ 1231ರಲ್ಲಿ ಇಟಲಿಯ ಪಾದುವಾ ನಗರದ ಬಳಿ ದೇಹಬಿಟ್ಟ ಸಾಧುವೊಬ್ಬನು ಕಾವೇರಿ ಸೀಮೆಯ ಒಕ್ಕಲಿಗನ ಉಳುಮೆಯ ಸಾಲಿನಲ್ಲಿ ದೊರೆತ ಬಗೆ ಇದು. ಆ ಗುಡಿಗೆ 2019ರಲ್ಲಿ ಬೆಸಿಲಿಕಾ ಎಂಬ ಗೌರವಪದವಿಯೂ ಸಂದಿತು. ಐತಿಹ್ಯದ ಸತ್ಯಾಸತ್ಯವನ್ನು ಪರೀಕ್ಷಿಸುವುದು ನಮ್ಮ ಉದ್ದೇಶವಲ್ಲ. ಆ ವಿಗ್ರಹವು ಗುಹೆಯಲ್ಲಿ ಧ್ಯಾನಸ್ಥನಾಗಿದ್ದ ತಪಸ್ವಿಗೆ ಕಾಣಿಸದೆ, ಬೆವರು ಸುರಿಸಿ ದುಡಿಯುತ್ತಿದ್ದವನಿಗೆ ಕಾಣಿಸಿತೆಂದು ಜನ ನಂಬಿರುವುದೇ ನಮ್ಮ ಗಮನಕ್ಕೆ ಸಾಕು. ನೇಗಿಲು ನಡೆದದ್ದರಿಂದ ವಿಗ್ರಹ ದೊರೆಯಿತು, ನೇಗಿಲನ್ನು ನಿಲ್ಲಿಸಿದ್ದರಿಂದ ಅದು ಕಣ್ಣಿಗೆ ಬಿದ್ದಿತು.

ದುಡಿಮೆ, ಪರಸೇವೆ, ವಿಶ್ರಾಂತಿ ಎಂಬ ಮೂರನ್ನು ಕ್ರೈಸ್ತಧರ್ಮವು ಹೇಗೆ ಕಾಣುತ್ತದೆ ಎಂಬ ಪ್ರಶ್ನೆಗೆ ಉತ್ತರವನ್ನು ಅದರ ಧರ್ಮಗ್ರಂಥದ ಮೊದಲ ಪುಟಗಳಿಂದಲೇ ಹುಡುಕಬೇಕಾಗುತ್ತದೆ. ಯೆಹೂದ್ಯರಿಂದ ಕ್ರೈಸ್ತರಿಗೆ ಬಂದ ಆದಿಕಾಂಡದಲ್ಲಿ ದೇವರೇ ಮೊದಲ ಕೆಲಸಗಾರ. ಅವನು ಜೇಡಿಮಣ್ಣನ್ನು ಮಿದ್ದು ಮನುಷ್ಯನನ್ನು ರೂಪಿಸುತ್ತಾನೆ, ತೋಟ ಹಾಕುತ್ತಾನೆ, ಆರು ದಿನಗಳ ಸೃಷ್ಟಿಕಾರ್ಯ ಮುಗಿದ ಮೇಲೆ ಏಳನೆಯ ದಿನ ವಿಶ್ರಮಿಸುತ್ತಾನೆ. ನೆರೆಯ ಬಾಬಿಲೋನಿನ ಪುರಾಣಗಳಲ್ಲಿಯೂ ದೇವತೆಗಳ ವಿಶ್ರಾಂತಿಯ ಪ್ರಸ್ತಾಪವುಂಟು. ಆದರೆ ಅಲ್ಲಿ ದೇವತೆಗಳು ತಮ್ಮ ಶ್ರಮವನ್ನು ತಪ್ಪಿಸಿಕೊಳ್ಳುವುದಕ್ಕಾಗಿಯೇ ಮನುಷ್ಯರನ್ನು ಸೃಷ್ಟಿಸಿ, ಹೊರೆಯನ್ನು ಅವರ ಹೆಗಲಿಗೆ ಹೊರಿಸಿ ತಾವು ನಿಶ್ಚಿಂತರಾಗುತ್ತಾರೆ. ಯಜಮಾನರ ವಿಶ್ರಾಂತಿಗೆ ಆಳುಗಳ ಅವಿಶ್ರಾಂತಿಯೇ ಆಧಾರವೆಂಬ ಈ ಹಳೆಯ ಲೋಕನೀತಿಯನ್ನು ಇಬ್ರಿಯರ, ಎಂದರೆ ಯೆಹೂದ್ಯರ ಪೂರ್ವಿಕರ, ಕಥೆಯು ಬುಡಮೇಲು ಮಾಡಿತು. ಅಲ್ಲಿ ದೇವರ ಕೆಲಸದಲ್ಲಿಯೂ ಮನುಷ್ಯನಿಗೆ ಪಾಲುಂಟು, ದೇವರ ವಿಶ್ರಾಂತಿಯಲ್ಲಿಯೂ ಪಾಲುಂಟು. ಇನ್ನೊಂದು ಸಂಗತಿಯನ್ನೂ ಓದುಗರು ಗಮನಿಸಬೇಕು. ಆದಿಮಾನವನು ತಪ್ಪುಮಾಡಿದ್ದರಿಂದಲೇ ದುಡಿಮೆಯೆಂಬ ಶಾಪ ತಗುಲಿತೆಂದು ಕ್ರೈಸ್ತರಲ್ಲಿಯೂ ಅನೇಕರು ತಿಳಿದಿದ್ದಾರೆ. ಕಥೆಯಲ್ಲಿರುವುದು ಹಾಗಲ್ಲ. ತೋಟವನ್ನು ಉಳುವ, ಕಾಯುವ ಕೆಲಸವನ್ನು ಅವನಿಗೆ ವಹಿಸಿದ್ದು ತಪ್ಪು ನಡೆಯುವುದಕ್ಕೆ ಮುಂಚೆ. ತಪ್ಪಿನ ತರುವಾಯ ಬಂದುವು ಮುಳ್ಳು, ಕಳೆ, ಹಣೆಯ ಬೆವರು. ಎಂದರೆ ಕೆಲಸವು ಮನುಷ್ಯನಿಗೆ ಸಹಜ, ಕೆಲಸದಲ್ಲಿನ ಸಂಕಟ ಮಾತ್ರ ಅಸಹಜ.

ಈ ಭಾವನೆಯು ಯವನ ದೇಶದ ವಿದ್ವಾಂಸರಿಗೆ ವಿಚಿತ್ರವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಕೈಕಸುಬಿನವನನ್ನು ಉತ್ತಮ ರಾಜ್ಯವು ಪೌರನನ್ನಾಗಿ ಮಾಡಿಕೊಳ್ಳಲಾರದೆಂದು ಅರಿಸ್ಟಾಟಲನಂಥ ಮೇಧಾವಿಯೇ ವಾದಿಸಿದ್ದನು. ಯೇಸುಸ್ವಾಮಿಯಾದರೋ ನಜರೇತೆಂಬ ಸಣ್ಣ ಊರಿನಲ್ಲಿ ಬಡಗಿಯಾಗಿ ಬೆಳೆದವರು. ಅವರು ಬೋಧಿಸತೊಡಗಿದಾಗ, ಈತ ನಮ್ಮೂರ ಬಡಗಿಯಲ್ಲವೇ ಎಂದು ಊರವರೇ ಮೂಗು ಮುರಿದರೆಂದು ಮಾರ್ಕನ ಸುವಾರ್ತೆಯು ಮುಚ್ಚುಮರೆಯಿಲ್ಲದೆ ದಾಖಲಿಸುತ್ತದೆ. ಧರ್ಮಪ್ರಸಾರಕನಾದ ಪೌಲನು ಕೊರಿಂಥ ನಗರದಲ್ಲಿ ಗುಡಾರ ಹೊಲಿದು ಜೀವನ ಮಾಡಿದನು. ದುಡಿಯಲೊಲ್ಲದವನು ಉಣಲೂ ಕೂಡದೆಂಬ ಅವನ ಕಟುವಾದ ಅಭಿಪ್ರಾಯವನ್ನು ಮುಂದಿನ ಶತಮಾನಗಳಲ್ಲಿ ಉಳ್ಳವರು ಬಡವರ ಮೇಲೆ ಪ್ರಯೋಗಿಸಿದ್ದುಂಟು. ಅವನು ಹೇಳಿದ್ದು ದುಡಿಯಲು ಮನಸ್ಸಿಲ್ಲದವನ ವಿಚಾರವಾಗಿಯೇ ಹೊರತು ಕೆಲಸ ಸಿಕ್ಕದವನನ್ನಾಗಲಿ ಶಕ್ತಿಯಿಲ್ಲದವನನ್ನಾಗಲಿ ಕುರಿತಲ್ಲ. ಆರನೆಯ ಶತಮಾನದ ಸಂತ ಬೆನೆಡಿಕ್ಟನು ತನ್ನ ಮಠಕ್ಕೆ ಬರೆದ ನಿಯಮಾವಳಿಯಲ್ಲಿ ದಿನವನ್ನು ಪ್ರಾರ್ಥನೆ, ಮೈದುಡಿಮೆ, ಅಧ್ಯಯನಗಳಿಗೆ ಹಂಚಿದನು; ಮಠದ ಗುದ್ದಲಿ ಹಾರೆಗಳನ್ನೂ ಪೂಜಾಪಾತ್ರೆಗಳಂತೆಯೇ ಕಾಪಾಡಬೇಕೆಂದು ವಿಧಿಸಿದನು. ಹದಿನಾರನೆಯ ಶತಮಾನದಲ್ಲಿ ಧರ್ಮಸುಧಾರಕನಾದ ಲೂಥರನು ಮಠದ ಗೋಡೆಯನ್ನೇ ಒಡೆದು, ಮನೆ ಗುಡಿಸುವ ಹೆಣ್ಣಾಳಿನ ಕೆಲಸವೂ ಸಂನ್ಯಾಸಿಯ ಜಪದಷ್ಟೇ ದೇವರಿಗೆ ಸಲ್ಲುವುದೆಂದು ಸಾರಿದನು.

ಇಷ್ಟನ್ನು ಓದಿದ ಕನ್ನಡಿಗರಿಗೆ ಹನ್ನೆರಡನೆಯ ಶತಮಾನದ ಶರಣರ ಕಾಯಕ, ದಾಸೋಹಗಳ ನೆನಪಾಗದಿರದು. ಸಾಮ್ಯವು ನಿಜವಾದುದು: ಕಸುಬಿನ ಮೇಲುಕೀಳನ್ನು ಅಳಿಸಿ, ಗಳಿಕೆಯನ್ನು ಹಂಚಿಕೊಂಡಾಗಲೇ ಅದು ಶುದ್ಧವಾಯಿತೆಂದು ಶರಣರೂ ಕ್ರೈಸ್ತರೂ ತಿಳಿದಿದ್ದರು. ಆದರೆ ಎಲ್ಲವೂ ಒಂದೇ ಎಂದು ಹೇಳಿ ಸುಮ್ಮನಾಗುವುದು ಸೋಮಾರಿತನದ ಮಾತಾದೀತು. ದುಡಿಮೆಯನ್ನು ವಾರಕ್ಕೊಮ್ಮೆ ನಿಲ್ಲಿಸತಕ್ಕದ್ದೆಂಬುದನ್ನು ಧರ್ಮದ ವಿಧಿಯಾಗಿ, ಕೊಲೆ ಕಳವುಗಳ ನಿಷೇಧದ ಸಾಲಿನಲ್ಲಿಯೇ ಇರಿಸಿದ್ದು ಇಬ್ರಿಯರ ವಿಶೇಷ. ಅದನ್ನು ಮುಂದೆ ನೋಡೋಣ.

ಮೈಸೂರು ಸೀಮೆಯಲ್ಲಿ ಈ ವಿಚಾರಗಳು ಆಚರಣೆಗೆ ಬಂದ ಚರಿತ್ರೆಯಲ್ಲಿ ಮೊದಲು ಸ್ಮರಿಸಬೇಕಾದ ಹೆಸರು ಆಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿಯದು. 1792ರಲ್ಲಿ ಗುರುದೀಕ್ಷೆ ಪಡೆದು ಭಾರತಕ್ಕೆ ಬಂದ ಅವರು 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ತರುವಾಯ ಈ ಸೀಮೆಯ ಕ್ರೈಸ್ತರ ನಡುವೆ ನೆಲೆಸಿ, ಸಂನ್ಯಾಸಿಯಂತೆ ಉಡುಪು ಧರಿಸಿ, ಸಸ್ಯಾಹಾರಿಯಾಗಿ ಬಾಳಿದರು; ಜನ ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆದರು. ಯುದ್ಧಗಳಿಂದ ದಿಕ್ಕೆಟ್ಟು ನಿರ್ಗತಿಕರಾಗಿದ್ದ ತಮ್ಮ ಜನಕ್ಕೆ ಅವರು ಭಿಕ್ಷೆ ಹಂಚಲಿಲ್ಲ. ಭೂಮಿ ಕೊಡಿಸಿ ಬೇಸಾಯದ ನೆಲೆಗಳನ್ನು ಏರ್ಪಡಿಸಿದರು. ಹಾಸನದ ಬಳಿಯ ಸಾತಳ್ಳಿಯು ಅಂಥವುಗಳಲ್ಲಿ ಮುಖ್ಯವಾದುದು. ವೈದ್ಯ ಜೆನ್ನರನ ಗೋವಿನ ಸಿಡುಬಿನ ಲಸಿಕೆಯು ಇಂಡಿಯಾಕ್ಕೆ ಬಂದು ತಲಪಿದ್ದು 1802ರಲ್ಲಿ. ಹೊಸ ವಿದ್ಯೆಗೆ ಜನ ಹೆದರಿ ಮೈಗೊಡಲು ಹಿಂಜರಿಯುತ್ತಿದ್ದ ಆ ದಿನಗಳಲ್ಲಿ, 1803 ಮತ್ತು 1804ರಲ್ಲಿ, ದುಬಾಯ್ ಅವರು ಮೈಸೂರು ಸೀಮೆಯಲ್ಲಿ ಸಹಸ್ರಾರು ಮಂದಿಗೆ ಸಿಡುಬಿನ ಲಸಿಕೆ ಹಾಕಿಸಿದರು. ಈ ಮಹನೀಯರ ಬದುಕಿನ ವಿಪರ್ಯಾಸವೊಂದನ್ನು ಹೇಳದೆ ಮುಂದುವರಿಯಲಾಗದು. ಮೂರು ದಶಕ ಇಲ್ಲಿದ್ದು 1823ರಲ್ಲಿ ಸ್ವದೇಶಕ್ಕೆ ಮರಳಿದಾಗ ಅವರು ಪ್ರಕಟಿಸಿದ ಪತ್ರಗಳಲ್ಲಿ, ಈ ದೇಶದಲ್ಲಿ ಮತಾಂತರದ ಪ್ರಯತ್ನವು ನಿಷ್ಫಲವೆಂದು ತಮ್ಮ ನಿರಾಶೆಯನ್ನು ಬಹಿರಂಗವಾಗಿಯೇ ತೋಡಿಕೊಂಡರು. ನಮ್ಮವರ ಆಚಾರವ್ಯವಹಾರಗಳನ್ನು ಕುರಿತ ಅವರ ಪ್ರಸಿದ್ಧ ಗ್ರಂಥದಲ್ಲಿ ಕಟುವಾದ, ಕೆಲವೆಡೆ ಅನ್ಯಾಯವಾದ ಮಾತುಗಳೂ ಇವೆ. ಬೋಧನೆಯಲ್ಲಿ ಸೋತೆನೆಂದು ತಿಳಿದ ಆ ಮನುಷ್ಯನ ಹೊಲಗಳು ಮಾತ್ರ ಬೆಳೆದುವು, ಲಸಿಕೆ ಹಾಕಿಸಿಕೊಂಡ ಮಕ್ಕಳು ಬದುಕಿಕೊಂಡರು.

ಕರಾವಳಿಯಲ್ಲಿ ಇದೇ ಸಮಸ್ಯೆಗೆ ಬೇರೊಂದು ಪರಿಹಾರ ಕಂಡವರು ಬಾಸೆಲ್ ಮಿಷನ್ನಿನವರು. ಮತಾಂತರಗೊಂಡವರು ಜಾತಿಯೊಡನೆ ಜಾತಿಯ ಕಸುಬನ್ನೂ ಕಳೆದುಕೊಂಡು ಬೀದಿಗೆ ಬಿದ್ದುದರಿಂದ, ಮಿಷನ್ನು 1851ರಲ್ಲಿ ಮಂಗಳೂರಿನ ತನ್ನ ನೇಯ್ಗೆಶಾಲೆಗೆ ಹಾಲರ್ ಎಂಬ ನುರಿತ ನೇಕಾರನನ್ನು ಕರೆಸಿಕೊಂಡಿತು, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆಯಿತು. ಮೈಸೂರಿನ ಹಳೆಯ ಮೊಹಲ್ಲಾಗಳ ಎಷ್ಟೋ ಮನೆಗಳ ಮೇಲೆ ಇಂದಿಗೂ ಇರುವ ಮಂಗಳೂರು ಹೆಂಚಿನ ವಂಶವೃಕ್ಷವು ಅಲ್ಲಿಂದ ಆರಂಭವಾಗುತ್ತದೆ. ಅಲ್ಲಿ ದಿನದ ಕೆಲಸ ಪ್ರಾರ್ಥನೆಯಿಂದ ಮೊದಲಾಗುತ್ತಿತ್ತು. ಭಾನುವಾರ ಒಲೆ ಆರಿರುತ್ತಿತ್ತು. ಪ್ರಾರ್ಥನೆಗೆ ಕರೆಯುವವನೂ ಸಂಬಳ ಕೊಡುವವನೂ ಒಬ್ಬನೇ ಆದಾಗ ಪ್ರಾರ್ಥನೆಯಲ್ಲಿ ಭಕ್ತಿ ಎಷ್ಟು, ಭಯ ಎಷ್ಟು ಎಂಬುದನ್ನು ಅಳೆಯುವುದು ಕಷ್ಟವೆಂಬುದೂ ದಿಟವೇ.

ಮೈಸೂರಿಗೆ ಬಂದ ಪ್ರವಾಸಿಗಳೆಲ್ಲರೂ ಅಶೋಕ ರಸ್ತೆಯ ಸಂತ ಫಿಲೋಮಿನಾ ದೇವಾಲಯದ ಅವಳಿ ಗೋಪುರಗಳೆದುರು ನಿಂತು ಕತ್ತೆತ್ತಿ ನೋಡುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಸ್ತಿಭಾರ ಹಾಕಿದ ಆ ಭವ್ಯ ಮಂದಿರದ ಬಗ್ಗೆ ಬರೆದವರು ಬಹಳ ಮಂದಿ. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದುದು ಮಂಡಿ ಮೊಹಲ್ಲಾದ ಸಾಡೇ ರಸ್ತೆಯಲ್ಲಿ, ಆಡಂಬರವಿಲ್ಲದ ಕಟ್ಟಡಗಳಲ್ಲಿ ನಡೆದುಬಂದಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ. ಮೈಸೂರಿನವರ ಬಾಯಲ್ಲಿ ಅದು ಬರಿಯ ಮಿಷನ್ ಆಸ್ಪತ್ರೆ. ವೆಸ್ಲಿಯನ್ ಮಿಷನ್ನಿನವರು ಮೇರಿ ಹೋಲ್ಡ್ಸ್‌ವರ್ತ್ ಎಂಬ ಮಹಿಳೆಯ ನೆನಪಿಗಾಗಿ 1906ರಲ್ಲಿ, ಹೆಂಗಸರು ಮಕ್ಕಳ ಶುಶ್ರೂಷೆಯನ್ನೇ ಮುಖ್ಯವಾಗಿ ಗಮನದಲ್ಲಿಟ್ಟು ಇದನ್ನು ತೆರೆದರು. 1947ರಲ್ಲಿ ದಕ್ಷಿಣ ಇಂಡಿಯಾ ಸಭೆಯು ರೂಪುಗೊಂಡ ಮೇಲೆ ಅದು ಆ ಸಭೆಗೆ ಸೇರಿತು. ಪರಪುರುಷನಾದ ವೈದ್ಯನೆದುರು ಹೆಂಗಸರು ಹೋಗಲು ಒಪ್ಪದಿದ್ದ, ಹೆರಿಗೆಯೆಂದರೆ ಮರುಜನ್ಮವೇ ಆಗಿದ್ದ ಕಾಲದಲ್ಲಿ ಅಂಥದೊಂದು ಆಸ್ಪತ್ರೆಯ ಬೆಲೆಯೇನೆಂಬುದನ್ನು ಇಂದಿನವರು ಊಹಿಸಿಯೇ ತಿಳಿಯಬೇಕು. ಶೌಚಮೈಲಿಗೆಗಳ ಭಾವನೆಯಿಂದಾಗಿ ಎಲ್ಲರೂ ಕೀಳೆಂದು ದೂರವಿಟ್ಟಿದ್ದ ಕೆಲಸವನ್ನು, ಅಂದರೆ ರೋಗಿಯ ಮಲಮೂತ್ರ ತೆಗೆಯುವುದು, ಕೀವು ತೊಳೆಯುವುದು ಮುಂತಾದವುಗಳನ್ನು, ಓದು ಕಲಿತ ಹೆಣ್ಣುಮಕ್ಕಳು ಗೌರವದಿಂದ ಮಾಡುವ ವೃತ್ತಿಯನ್ನಾಗಿ ಪರಿವರ್ತಿಸಿದ್ದರಲ್ಲಿ ಇಂಥ ಆಸ್ಪತ್ರೆಗಳ ಪಾತ್ರ ಹಿರಿದು.

ಆ ಗೌರವದ ಮೂಲವನ್ನು ಹುಡುಕಿದರೆ ಯೇಸುವಿನ ಕಡೆಯ ರಾತ್ರಿಯ ಪ್ರಸಂಗಕ್ಕೆ ಹೋಗಿ ನಿಲ್ಲುತ್ತೇವೆ. ಊಟದ ನಡುವೆ ಅವರು ಎದ್ದು, ನಡುವಿಗೆ ವಸ್ತ್ರವನ್ನು ಕಟ್ಟಿಕೊಂಡು, ಗುಲಾಮನು ಮಾಡತಕ್ಕ ಕೆಲಸವನ್ನು ತಾವೇ ಕೈಗೊಂಡು ಶಿಷ್ಯರ ಪಾದಗಳನ್ನು ತೊಳೆದರು. ಶಿಷ್ಯನಾದ ಪೇತ್ರನು ಸಂಕೋಚದಿಂದ ಬೇಡವೆಂದರೂ ಬಿಡಲಿಲ್ಲ. ಇಂದಿಗೂ ಪವಿತ್ರ ಗುರುವಾರದ ಸಂಜೆ ಕಥೋಲಿಕ ದೇವಾಲಯಗಳಲ್ಲಿ ಗುರುಗಳು ಮೊಣಕಾಲೂರಿ ಭಕ್ತರ ಪಾದ ತೊಳೆಯುತ್ತಾರೆ. ಶತಮಾನಗಳ ಕಾಲ ಗಂಡಸರಿಗಷ್ಟೇ ಮೀಸಲಾಗಿದ್ದ ಈ ವಿಧಿಯಲ್ಲಿ ಹೆಂಗಸರನ್ನೂ ಸೇರಿಸಿಕೊಳ್ಳಬಹುದೆಂದು 2016ರಲ್ಲಿ ಪೋಪ್ ಫ್ರಾನ್ಸಿಸ್ ಅಪ್ಪಣೆ ಕೊಡಿಸಿದರು.

ಸೇವೆಯ ವಿಷಯದಲ್ಲಿ ಎಲ್ಲರೂ ಉದಾಹರಿಸುವ ಕಥೆ ಸಮಾರ್ಯದವನದು. ದರೋಡೆಗಾರರ ಏಟಿಗೆ ಸಿಕ್ಕಿ ದಾರಿಯಲ್ಲಿ ಬಿದ್ದಿದ್ದವನನ್ನು ಸ್ವಜನರಾದ ಪುರೋಹಿತನೂ ಲೇವಿಯನೆಂಬ ದೇವಾಲಯಸೇವಕನೂ ದಾಟಿ ಹೋದರು, ಪರಕೀಯನಾದ ಸಮಾರ್ಯದವನು ನಿಂತು ಎಣ್ಣೆ ಹಚ್ಚಿ, ಗಾಯ ಕಟ್ಟಿ, ಛತ್ರಕ್ಕೆ ಸಾಗಿಸಿದನು. ಉಪದೇಶಕರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಕಥೆಯು ನಿಲ್ಲುವುದಿಲ್ಲ: ಮರುದಿನ ಅವನು ಛತ್ರದವನ ಕೈಗೆ ಎರಡು ಬೆಳ್ಳಿನಾಣ್ಯ ಕೊಟ್ಟು, ಇವನನ್ನು ನೋಡಿಕೋ, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತೀರಿಸುವೆನೆಂಬ ಭರವಸೆಯಿತ್ತು ಹೊರಡುತ್ತಾನೆ. ಪರೋಪಕಾರ ಮಾಡುವವನು ತನ್ನ ಉಪಕಾರದ ವೆಚ್ಚವನ್ನು ಛತ್ರದವನ ತಲೆಗೆ ಕಟ್ಟಲಿಲ್ಲ. ಈ ಸಣ್ಣ ವಿವರವನ್ನು ನಮ್ಮ ಸೇವಾಸಂಸ್ಥೆಗಳವರು, ಮಿಷನ್ನಿನವರಿರಲಿ, ಮಠದವರಿರಲಿ, ಖಾಸಗಿ ಟ್ರಸ್ಟಿನವರಿರಲಿ, ದೊಡ್ಡ ಅಕ್ಷರಗಳಲ್ಲಿ ಬರೆಸಿ ಕಚೇರಿಯಲ್ಲಿ ತೂಗುಹಾಕಬೇಕೆಂದು ನನಗೆ ತೋರುತ್ತದೆ. ಶಾಲೆಯ ಉಪಾಧ್ಯಾಯಿನಿಗೂ ಆಸ್ಪತ್ರೆಯ ದಾದಿಗೂ ಆಯಾಗೂ, ಇದು ಸೇವೆಯಮ್ಮ, ಸಂಬಳವೇ ಮುಖ್ಯವೇ ಎಂದು ಮೃದುವಾಗಿ ಹೇಳಿ ಅರೆಸಂಬಳ ಕೊಡುವ ಪದ್ಧತಿಯು ಯಾವ ಮತಕ್ಕೂ ಅಪರಿಚಿತವಲ್ಲ. ತಾನು ಮಾಡಿದರೆ ತ್ಯಾಗ. ಇನ್ನೊಬ್ಬರಿಂದ ಮಾಡಿಸಿದರೆ ಅದು ಸುಲಿಗೆ.

ಕೂಲಿಯ ಬಗ್ಗೆಯೂ ಯೇಸು ಒಂದು ಕಥೆ ಹೇಳಿದ್ದಾರೆ. ಮೈಸೂರಿನ ಕೆಲವು ವೃತ್ತಗಳಲ್ಲಿ ಬೆಳಗಿನ ಜಾವ ಬುತ್ತಿಯೊಡನೆ ಗಾರೆ ಕೆಲಸದವರು ನಿಂತಿರುವುದನ್ನೂ, ಒಂಬತ್ತು ಗಂಟೆಯಾದರೂ ಯಾರೂ ಕರೆಯದಿದ್ದಾಗ ಅವರ ಮುಖ ಬಾಡುವುದನ್ನೂ ಕಂಡವರಿಗೆ ಆ ಕಥೆಗೆ ವ್ಯಾಖ್ಯಾನ ಬೇಕಿಲ್ಲ. ದ್ರಾಕ್ಷಾತೋಟದ ಯಜಮಾನನೊಬ್ಬನು ಬೆಳಗ್ಗೆ ಕೆಲವರನ್ನು, ನಡುಹಗಲು ಕೆಲವರನ್ನು, ಹೊತ್ತು ಮುಳುಗಲು ಒಂದು ತಾಸಿರುವಾಗ ಕೆಲವರನ್ನು ಕರೆದುಕೊಂಡು, ಸಂಜೆ ಎಲ್ಲರಿಗೂ ಒಂದೇ ದಿನಗೂಲಿ ಕೊಟ್ಟನು. ಮೊದಲು ಬಂದವರು ಗೊಣಗಿದರು. ಅರ್ಥಶಾಸ್ತ್ರಕ್ಕೆ ಇದು ಒಗ್ಗದು. ಆದರೆ ಕರೆಯುವವರಿಲ್ಲದೆ ಸಂಜೆಯವರೆಗೆ ನಿಂತವನ ಮನೆಯಲ್ಲಿಯೂ ರಾತ್ರಿ ಒಲೆ ಉರಿಯಬೇಕಲ್ಲವೆ?

ಇನ್ನು ವಿಶ್ರಾಂತಿಯ ವಿಧಿ. ದಶಾಜ್ಞೆಗಳಲ್ಲಿ ಸಬ್ಬತ್ ಎಂಬ ವಿಶ್ರಾಂತಿದಿನದ ಆಜ್ಞೆಯು ಎರಡು ಕಡೆ, ಎರಡು ಕಾರಣಗಳೊಡನೆ ಬರುತ್ತದೆ. ವಿಮೋಚನಕಾಂಡದಲ್ಲಿ ಕಾರಣವು ದೇವರು ಏಳನೆಯ ದಿನ ವಿಶ್ರಮಿಸಿದನೆಂಬುದು. ಧರ್ಮೋಪದೇಶಕಾಂಡದಲ್ಲಿಯಾದರೋ, ನೀವು ಐಗುಪ್ತ ದೇಶದಲ್ಲಿ ಗುಲಾಮರಾಗಿದ್ದುದನ್ನು ಮರೆಯಬೇಡಿರೆಂಬುದು. ಎರಡನೆಯದೇ ನನಗೆ ಹೆಚ್ಚು ಆಳವಾದುದೆನಿಸುತ್ತದೆ. ಗುಲಾಮನ ಲಕ್ಷಣವೇ ರಜೆಯಿಲ್ಲದಿರುವುದು. ಬಿಡುಗಡೆಯಾದವನು ತನ್ನ ಬಿಡುಗಡೆಯನ್ನು ವಾರಕ್ಕೊಮ್ಮೆ ಆಚರಿಸಿ ತೋರಿಸಬೇಕು, ತಾನು ಇನ್ನೊಬ್ಬರನ್ನು ಗುಲಾಮರಾಗಿಸಿಲ್ಲವೆಂದೂ ತೋರಿಸಬೇಕು. ಆದುದರಿಂದಲೇ ವಿಶ್ರಾಂತಿಗೆ ಬಾಧ್ಯರಾದವರ ಪಟ್ಟಿಯಲ್ಲಿ ಮಗ, ಮಗಳು, ಆಳು, ಹೆಣ್ಣಾಳು, ಎತ್ತು, ಕತ್ತೆ, ಊರಲ್ಲಿರುವ ಪರದೇಶಿ ಎಲ್ಲರೂ ಸೇರಿದ್ದಾರೆ. ನಮ್ಮ ಸೀಮೆಯಲ್ಲಿ ಸೋಮವಾರ ಬಸವಣ್ಣನ ದಿನವೆಂದು ಎತ್ತಿನ ಹೆಗಲಿಗೆ ನೊಗವಿಡದ ರೈತನಿಗೆ ಈ ಆಜ್ಞೆಯ ಹೃದಯವು ಸುಲಭವಾಗಿ ಅರ್ಥವಾಗುತ್ತದೆ. ಪಟ್ಟಿಯಲ್ಲಿ ಹೆಂಡತಿಯ ಹೆಸರಿಲ್ಲವೆಂಬುದನ್ನೂ ಹೇಳಿಬಿಡಬೇಕು. ಆಜ್ಞೆಯು ಗಂಡಹೆಂಡಿರಿಬ್ಬರನ್ನೂ ಕೂಡಿಯೇ ಸಂಬೋಧಿಸುತ್ತದೆಂದು ವ್ಯಾಖ್ಯಾನಕಾರರು ಸಮಾಧಾನ ಹೇಳುತ್ತಾರೆ. ಭಾನುವಾರವೆಂದರೆ ಉಳಿದ ದಿನಗಳಿಗಿಂತ ಎರಡು ಪಾಲು ಅಡಿಗೆಯೆಂದು ಬಲ್ಲ ನಮ್ಮ ಗೃಹಿಣಿಯರಿಗೆ ಈ ಸಮಾಧಾನ ಸಾಲದು. ಅತಿಥಿಸತ್ಕಾರದ ಗಡಿಬಿಡಿಯಲ್ಲಿ ತಂಗಿಯ ಮೇಲೆ ದೂರು ಹೇಳಿದ ಮಾರ್ಥಳಿಗೆ, ಕುಳಿತು ಕೇಳುವುದನ್ನು ಆರಿಸಿಕೊಂಡ ಮರಿಯಳೇ ಸರಿಯೆಂದು ಯೇಸು ಹೇಳಿದ ಪ್ರಸಂಗವನ್ನು ಅವರು ಓದಿಕೊಳ್ಳಬಹುದು. ಅಂದು ಊಟಕ್ಕೆ ಬಡಿಸಿದವರಾರೆಂಬುದನ್ನು ಮಾತ್ರ ಸುವಾರ್ತೆಗಾರ ಲೂಕನು ಬರೆದಿಲ್ಲ.

ಈ ವಿಧಿಯೂ ಕಾಲಕ್ರಮದಲ್ಲಿ ಸಂಕೋಲೆಯಾಗಿ, ಸಬ್ಬತ್ತಿನಂದು ರೋಗಿಯನ್ನು ಗುಣಪಡಿಸುವುದೂ ದೋಷವೆಂಬಷ್ಟು ಬಿಗಿಯಾದಾಗ, ನಿಯಮವಿರುವುದು ಮನುಷ್ಯನ ಹಿತಕ್ಕಾಗಿಯೆಂದು ಯೇಸು ಅದನ್ನು ಸಡಿಲಿಸಿದರು. ಅವರ ಅನುಯಾಯಿಗಳು ಪುನರುತ್ಥಾನದ ನೆನಪಿಗೆ ಭಾನುವಾರವನ್ನು ಕರ್ತನ ದಿನವೆಂದು ಆಚರಿಸತೊಡಗಿದರು. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನನು 321ರಲ್ಲಿ ಅದನ್ನು ನ್ಯಾಯಾಧೀಶರಿಗೂ ಪಟ್ಟಣಿಗರಿಗೂ ರಜಾದಿನವನ್ನಾಗಿ ಮಾಡಿ, ಬೇಸಾಯಗಾರರನ್ನು ಮಾತ್ರ ವಿಧಿಯಿಂದ ಹೊರಗಿಟ್ಟನು: ಹದ ತಪ್ಪಿದರೆ ಬೆಳೆ ಹಾಳಾದೀತೆಂಬುದು ಕಾರಣ. ರಜೆಯ ಸುಖವು ಪೇಟೆಯವರಿಗೆ ಮೊದಲು ದಕ್ಕುವ ಪದ್ಧತಿ ಅಂದಿನಿಂದಲೇ ಬಂದಿತೆನ್ನೋಣ.

ನಮ್ಮ ದೇಶದ ಗಿರಣಿಯಾಳುಗಳಿಗೆ ಭಾನುವಾರದ ಬಿಡುವು ಪಾದ್ರಿಗಳ ದಯೆಯಿಂದ ಬಂದುದಲ್ಲ. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿದ ಫಲವಾಗಿ ಮುಂಬಯಿಯ ಗಿರಣಿ ಮಾಲೀಕರು 1890ರ ಜೂನ್ 10ರಂದು ಅದಕ್ಕೆ ಒಪ್ಪಿದರು. ಭಾನುವಾರವು ಖಂಡೋಬನ ವಾರವೆಂಬುದೂ, ಅಂದರೆ ನಾವು ಮೈಲಾರನೆಂದು ಪೂಜಿಸುವ ದೇವರ ವಾರವೆಂಬುದೂ, ಅವರ ವಾದಗಳಲ್ಲಿ ಒಂದೆಂದು ಹೇಳುತ್ತಾರೆ. ಮರುವರ್ಷವೇ, 1891ರ ಮೇ 15ರಂದು, ಪೋಪ್ ಹದಿಮೂರನೆಯ ಲಿಯೋ ತಮ್ಮ ಪ್ರಸಿದ್ಧ ವಿಶ್ವಪತ್ರದಲ್ಲಿ ಸಂಸಾರ ನಡೆಸಲು ಸಾಲುವ ಕೂಲಿಯನ್ನೂ, ಸಂಘ ಕಟ್ಟುವ ಸ್ವಾತಂತ್ರ್ಯವನ್ನೂ, ವಾರದ ವಿಶ್ರಾಂತಿಯನ್ನೂ ಕಾರ್ಮಿಕನ ಹಕ್ಕುಗಳೆಂದು ಸಾರಿದರು. 1955ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಅವರು ಕಾರ್ಮಿಕರ ದಿನವಾದ ಮೇ ಒಂದನ್ನು ಯೇಸುವಿನ ಸಾಕುತಂದೆಯಾದ ಬಡಗಿ ಜೋಸೆಫರ ಹಬ್ಬವನ್ನಾಗಿ ಗೊತ್ತುಮಾಡಿದುದು ಕಮ್ಯುನಿಸ್ಟರೊಡನೆ ನಡೆದ ಪೈಪೋಟಿಯ ಫಲವೆಂಬುದು ಗುಟ್ಟೇನಲ್ಲ. ಸ್ವತಂತ್ರ ಭಾರತವು 1948ರ ಕಾರ್ಖಾನೆ ಕಾಯಿದೆಯಲ್ಲಿ ವಾರದ ರಜೆಯನ್ನು ಕಡ್ಡಾಯವಾಗಿ ಮುಂದುವರಿಸಿತು.

ಆ ಕಾಯಿದೆಯ ಕೈ ಕಾರ್ಖಾನೆಯ ಬಾಗಿಲವರೆಗೆ ಮಾತ್ರ ಚಾಚಿತು. ಇಂದು ಮೈಸೂರಿನಲ್ಲಿ ಭಾನುವಾರದ ಪೂಜೆ ಮುಗಿಸಿಯೋ, ವಾಯುವಿಹಾರ ಮುಗಿಸಿಯೋ ಮನೆಗೆ ಬಂದು ವಿಶ್ರಮಿಸುವ ನಾವು ಫೋನಿನಲ್ಲಿ ಊಟ ತರಿಸುತ್ತೇವೆ. ಅದನ್ನು ಮಳೆಯಲ್ಲಿ ಬೈಕಿನ ಮೇಲೆ ಹೊತ್ತು ತರುವ ಹುಡುಗನಿಗೆ ಅದೇ ಹೆಚ್ಚು ದುಡಿಮೆಯ ದಿನ. ಆಸ್ಪತ್ರೆಯ ದಾದಿಗೆ ಭಾನುವಾರ ಪಾಳಿ ತಪ್ಪುವುದಿಲ್ಲ, ತಪ್ಪಲೂ ಬಾರದು. ಅವಳಿಗೆ ಬೇರೊಂದು ದಿನ ಬಿಡುವು ದೊರೆತರೆ ಆಜ್ಞೆಯ ಉದ್ದೇಶ ಸಂದಂತೆಯೇ. ಆದರೆ ಪಾತ್ರೆ ತೊಳೆಯುವ, ನೆಲ ಒರೆಸುವ, ಮುದುಕರನ್ನು ನೋಡಿಕೊಳ್ಳುವ ಹೆಂಗಸಿಗೆ ಯಾವ ದಿನ? ಕರ್ನಾಟಕ ಸರ್ಕಾರವು 2004ರಲ್ಲಿ ಮನೆಗೆಲಸದವರಿಗೂ ಕನಿಷ್ಠ ವೇತನವನ್ನು ಗೊತ್ತುಮಾಡಿತು. ಆದರೂ ಅವಳು ಬಾರದ ದಿನ ಸಂಬಳ ಹಿಡಿಯುವವರೂ, ಹಬ್ಬದ ದಿನ ತಪ್ಪದೆ ಬರಬೇಕೆಂದು ಕಟ್ಟಪ್ಪಣೆ ಮಾಡುವವರೂ ಎಲ್ಲ ಮತಗಳಲ್ಲಿಯೂ ಇದ್ದಾರೆ. ಸಾವಿರಾರು ವರ್ಷಗಳಷ್ಟು ಹಳೆಯದಾದ ಸಬ್ಬತ್ತಿನ ಆ ಪಟ್ಟಿಯಲ್ಲಿ ಹೆಣ್ಣಾಳಿನ ಹೆಸರು ಯಜಮಾನನ ಮಗಳ ಹೆಸರಿನ ಜೊತೆಯಲ್ಲಿಯೇ ಬರುತ್ತದೆ. ಓದುಗರಲ್ಲಿ ಯಾರ ಮನೆಗೆ ಅಂಥ ತಾಯಿಯೊಬ್ಬಳು ಬರುತ್ತಿರುವಳೋ ಅವರು, ಯಾವ ಮತದವರೇ ಆಗಿರಲಿ, ವಾರದಲ್ಲಿ ಯಾವ ದಿನ ಬಿಡುವು ಬೇಕೆಂದು ಅವಳನ್ನೇ ಕೇಳಿ, ಸಂಬಳ ಹಿಡಿಯದೆ, ಈ ವಾರದಿಂದಲೇ ಅದನ್ನು ಕೊಡಬೇಕೆಂದು ನನ್ನ ವಿನಂತಿ.